‘ನನ್ನನ್ನು ಹರಾಜಿಗೆ ಹಾಕಿದರು’: ಪೂಲ್ ಪಂದ್ಯಾವಳಿಯ ಕ್ಯಾಲ್ಕಟಾ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಏಳು ವರ್ಷಗಳಿಂದ ಟೆಕ್ಸಾಸ್‌ನ ಡಲ್ಲಾಸ್ ಸಮೀಪ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದೇನೆ. ವಾರಕ್ಕೊಮ್ಮೆ ಲೀಗ್‌ನಲ್ಲಿ ಪೂಲ್ (ಬಿಲಿಯರ್ಡ್ಸ್ ಬಗೆಯ ಮೇಜಿನ ಆಟ) ಆಡುತ್ತೇನೆ, ರೇಟಿಂಗ್ ಸುಮಾರು 480. ಕೆಲವು ತಿಂಗಳ ಹಿಂದೆ ಒಂದು ಬಾರ್‌ನಲ್ಲಿ ನಡೆದ 32 ಜನರ ನೈನ್‌ಬಾಲ್ ಪಂದ್ಯಾವಳಿಗೆ 50 ಡಾಲರ್ ಕಟ್ಟಿ ಸೇರಿದೆ. ಆಟ ಶುರುವಾಗುವ ಮುನ್ನ ‘ಕ್ಯಾಲ್ಕಟಾ’ ಎಂದು ಹೇಳಿ ಒಬ್ಬೊಬ್ಬ ಆಟಗಾರನನ್ನೂ ಹರಾಜು ಕೂಗಿದರು. ಪರಿಚಯವಿಲ್ಲದ ಒಬ್ಬರು ನನ್ನನ್ನು 180 ಡಾಲರ್‌ಗೆ ‘ಕೊಂಡರು’. ಅರ್ಧ ಪಾಲು ನೀವೇ ಕೊಳ್ಳಬಹುದು ಎಂದರು, ಮುಜುಗರದಿಂದ ಬೇಡವೆಂದೆ. ಮೂರನೆಯವನಾಗಿ ಮುಗಿಸಿದೆ, ನನಗೆ 240 ಡಾಲರ್ ಬಹುಮಾನ ಬಂತು. ನನ್ನನ್ನು ಕೊಂಡವರಿಗೆ 630 ಬಂತು. ಖುಷಿಯಿಂದ ನನಗೆ 60 ಕೊಟ್ಟರು, ತೆಗೆದುಕೊಂಡೆ. ಮರು ತಿಂಗಳು ಕೊನೆಯ ನಾಲ್ವರಲ್ಲಿ ಒಬ್ಬನಾಗಿದ್ದಾಗ ಅವರೇ ಬಂದು, ‘ನಿನ್ನ ಎದುರಾಳಿಯೂ ನನ್ನವನೇ. ನೀನು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ, 100 ಡಾಲರ್ ಕೊಡುತ್ತೇನೆ’ ಎಂದರು. ನಕ್ಕು ಸುಮ್ಮನಾದೆ. ಪ್ರಾಮಾಣಿಕವಾಗಿಯೇ ಆಡಿ ಸೋತೆ, ಆದರೆ ಸೋತದ್ದು ಈಗ ನನಗೇ ಅನುಮಾನ ಹುಟ್ಟಿಸುವಂತಿದೆ. ಇದು ಕಾನೂನುಬದ್ಧವೇ? ನನ್ನನ್ನು ಕೊಂಡವರಿಗೆ ನಾನು ಏನಾದರೂ ಬಾಧ್ಯಸ್ಥನೇ? ತೆರಿಗೆ, ವೀಸಾ ತೊಂದರೆ ಇದೆಯೇ? ಬೆಂಗಳೂರಿನಲ್ಲಿ ಪೂಲ್ ಪಾರ್ಲರ್ ನಡೆಸುವ ಗೆಳೆಯನೊಬ್ಬ ಇದನ್ನು ಅಲ್ಲೂ ಶುರುಮಾಡುವ ಉತ್ಸಾಹದಲ್ಲಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ, ಆದರೆ ನಿದ್ದೆಗೆಡಿಸಿರುವುದು ಒಂದೇ ಎಂದು ನನಗನ್ನಿಸುತ್ತದೆ: ನಿಮ್ಮ ಸೋಲಿಗೂ ಒಂದು ಬೆಲೆ ಇದೆ ಎಂದು ಆ ರಾತ್ರಿ ಮೊದಲ ಬಾರಿಗೆ ನಿಮಗೆ ತಿಳಿಯಿತು. ನಾನು ಮೊದಲು ನಾರ್ತ್ ಡಕೋಟಾದಲ್ಲಿ, ಈಗ ಟೆಕ್ಸಾಸ್‌ನಲ್ಲಿ ಪೂಲ್ ಪಂದ್ಯಾವಳಿಗಳನ್ನು ನಡೆಸಿಕೊಂಡು ಬಂದವನು. ನೂರಾರು ಹರಾಜುಗಳ ಲೆಕ್ಕದ ಹಾಳೆಯನ್ನು ಸ್ವತಃ ಬರೆದಿದ್ದೇನೆ. ವಕೀಲನಲ್ಲ. ಕಾನೂನಿನ ವಿಷಯದಲ್ಲಿ ಪುಸ್ತಕದಲ್ಲಿರುವುದನ್ನು ಹೇಳುತ್ತೇನೆ, ವೀಸಾ ವಿಷಯದಲ್ಲಿ ವಲಸೆ ವಕೀಲರನ್ನು ಕೇಳಬೇಕಾದ ಜಾಗ ಯಾವುದೆಂದು ತೋರಿಸುತ್ತೇನೆ.

ಮೊದಲು ಆ ಹೆಸರಿನ ಮಾತು. ಕ್ಯಾಲ್ಕಟಾ ಎಂಬುದು ನಮ್ಮ ಕಲ್ಕತ್ತೆಯೇ. 1847ರಲ್ಲಿ ಸ್ಥಾಪನೆಯಾದ ಅಲ್ಲಿನ ಟರ್ಫ್ ಕ್ಲಬ್‌ನಲ್ಲಿ ಇಂಗ್ಲೆಂಡಿನ ಡರ್ಬಿ ಕುದುರೆ ಓಟದ ಮೇಲೆ ಲಾಟರಿ ನಡೆಯುತ್ತಿತ್ತು. ಚೀಟಿ ಎತ್ತಿ ಬಂದ ಕುದುರೆಗಳನ್ನು ಹರಾಜಿನಲ್ಲಿ ಮಾರಿ, ಬಂದ ಹಣವನ್ನೆಲ್ಲ ಒಂದೇ ಗಂಟು ಮಾಡಿ, ಗೆದ್ದ ಕುದುರೆಯ ‘ಒಡೆಯ’ನಿಗೆ ಹಂಚುವ ಪದ್ಧತಿ ಅಲ್ಲಿಂದ ಬ್ರಿಟಿಷರ ಜೊತೆ ಹೊರಟು ಅಮೆರಿಕದ ಗಾಲ್ಫ್ ಕ್ಲಬ್‌ಗಳಿಗೂ ಪೂಲ್ ಬಾರ್‌ಗಳಿಗೂ ತಲುಪಿತು. ಸ್ನೂಕರ್ ಜಬಲ್ಪುರದಲ್ಲಿ ಹುಟ್ಟಿ ಊಟಿ ಕ್ಲಬ್‌ನಲ್ಲಿ ನಿಯಮ ಕಂಡುಕೊಂಡ ಆಟ ಎಂಬುದನ್ನು ನೆನೆದರೆ, ಹಸಿರು ಬಟ್ಟೆಯ ಮೇಜಿನ ಸುತ್ತ ನಮ್ಮ ನೆಲದ ನಂಟು ಸ್ವಲ್ಪ ಜಾಸ್ತಿಯೇ ಇದೆ.

ಹರಾಜಿಗೆ ಹಾಕಿದರು ಎಂಬ ಮುಜುಗರವನ್ನು ಮಾತ್ರ ಬಿಟ್ಟುಬಿಡಿ. ಕನ್ನಡದಲ್ಲಿ ಮಾನ ಹರಾಜಾಗುವುದು ಎಂಬ ಮಾತು ಇರುವುದರಿಂದ ನಮಗೆ ಅದು ಚುಚ್ಚುತ್ತದೆ, ಅಷ್ಟೇ. ಐಪಿಎಲ್ ಹರಾಜಿನಲ್ಲಿ ತಂಡವು ಆಟಗಾರನ ಸೇವೆಯನ್ನು ಕೊಳ್ಳುತ್ತದೆ, ಅವನು ಅವರು ಹೇಳಿದಂತೆ ಆಡಬೇಕಾಗುತ್ತದೆ. ಕ್ಯಾಲ್ಕಟಾದಲ್ಲಿ ಯಾರೂ ನಿಮ್ಮನ್ನಾಗಲಿ ನಿಮ್ಮ ಆಟವನ್ನಾಗಲಿ ಕೊಳ್ಳುವುದಿಲ್ಲ. ನೀವು ಇಂಥ ಸ್ಥಾನದಲ್ಲಿ ಮುಗಿಸಿದರೆ ಹರಾಜಿನ ಗಂಟಿನಲ್ಲಿ ಇಂತಿಷ್ಟು ಪಾಲು ಎಂಬ ಒಂದು ಚೀಟಿಯನ್ನು ಕೊಳ್ಳುತ್ತಾರೆ. ಆ ಹಣ ನಿಮ್ಮ ಪ್ರವೇಶ ಶುಲ್ಕದ ಬಹುಮಾನಕ್ಕಿಂತ ಪೂರ್ತಿ ಬೇರೆ. ನೀವು ಮೊದಲ ಸುತ್ತಿನಲ್ಲೇ ಸೋತರೂ ಕೊಂಡವರಿಗೆ ಒಂದು ಬಿಡಿಗಾಸಿನ ಬಾಧ್ಯತೆಯೂ ನಿಮಗಿಲ್ಲ, ಹಾಗೆಯೇ ಅವರು ಗೆದ್ದದ್ದರಲ್ಲಿ ನಿಮಗೆ ಹಕ್ಕೂ ಇಲ್ಲ, ಅರ್ಧ ಪಾಲು ಕೊಂಡಿದ್ದರೆ ಹೊರತು.

ಲೆಕ್ಕವನ್ನೂ ಒಮ್ಮೆ ನೋಡೋಣ. ನಿಮ್ಮನ್ನು ಕೊಂಡವರು ಮೂರನೆಯ ಸ್ಥಾನಕ್ಕೆ 630 ಪಡೆದಿದ್ದಾರೆ. ಪ್ರವೇಶ ಶುಲ್ಕದ 1,600 ಡಾಲರ್‌ನಲ್ಲಿ ನಿಮಗೆ ಬಂದ 240 ಎಂದರೆ ಶೇ 15. ಬಹುತೇಕ ಕಡೆ ಹರಾಜಿಗೂ ಅದೇ ಪ್ರಮಾಣವನ್ನು ಅನ್ವಯಿಸುವುದರಿಂದ ಅಂದಿನ ಗಂಟು 4,200 ಡಾಲರ್ ಇದ್ದಿರಬೇಕು. ಅದನ್ನು 32ರಿಂದ ಭಾಗಿಸಿದರೆ ಆಟಗಾರನ ಸರಾಸರಿ ಬೆಲೆ 131 ಡಾಲರ್ ಚಿಲ್ಲರೆ. ನೀವು 180ಕ್ಕೆ ಹೋಗಿದ್ದೀರಿ. ಅಂದರೆ ಆ ಕೋಣೆಯಲ್ಲಿದ್ದವರು ನಿಮ್ಮನ್ನು ಸರಾಸರಿಗಿಂತ ಮೇಲಿನವನೆಂದು ಹಣ ಇಟ್ಟು ಹೇಳಿದ್ದಾರೆ, ಇದು ಲೀಗ್ ಗೆಳೆಯರ ಬೆನ್ನು ತಟ್ಟುವಿಕೆಗಿಂತ ನಂಬಲರ್ಹವಾದ ಅಭಿಪ್ರಾಯ. ಅರ್ಧ ಪಾಲನ್ನು 90 ಡಾಲರ್‌ಗೆ ಕೊಂಡಿದ್ದರೆ 315 ಕೈಗೆ ಬರುತ್ತಿತ್ತು. ಹಾಗೆಂದು ಇದು ಲಾಭದ ದಾರಿ ಎಂದು ತಿಳಿಯಬೇಡಿ: ಗಂಟಿಗೆ ಹೊರಗಿನಿಂದ ಒಂದು ಡಾಲರೂ ಸೇರುವುದಿಲ್ಲ, ಬಾರ್‌ನವರು ಶೇ 5ನ್ನೋ 10ನ್ನೋ ಮುರಿದುಕೊಂಡರೆ ಕೊಂಡವರೆಲ್ಲ ಸೇರಿ ಅಷ್ಟು ಕಳೆದುಕೊಂಡೇ ಮನೆಗೆ ಹೋಗುತ್ತಾರೆ. ಮೇಲಾಗಿ ಮೊದಮೊದಲು ಕೂಗುವಾಗ ಗಂಟು ಎಷ್ಟು ಬೆಳೆಯುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ಎರಡು ಬಿಯರ್ ಒಳಗಿಳಿದ ಮೇಲೆ ‘ಒಂದನೇ ಸಾರಿ, ಎರಡನೇ ಸಾರಿ’ ಎನ್ನುವ ಹೊತ್ತಿಗೆ ಹಠಕ್ಕೆ ಬಿದ್ದವರು ಆಟಗಾರನ ಬೆಲೆಯನ್ನಲ್ಲ, ತಮ್ಮ ಗತ್ತಿನ ಬೆಲೆಯನ್ನು ಕೂಗುತ್ತಿರುತ್ತಾರೆ. ಚೀಟಿ ವ್ಯವಹಾರದಲ್ಲಿ ಅವಸರಕ್ಕೆ ಬಿದ್ದು ಕಳೆದು ಕೂಗಿದವರನ್ನು ಕಂಡಿದ್ದರೆ ನಿಮಗೆ ಆ ಮುಖ ಗುರುತಾಗುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ಮನುಷ್ಯ 100 ಡಾಲರ್ ಏಕೆ ಕೊಡಲು ಬಂದರು? ಗಂಟು ಹಿಂದಿನಷ್ಟೇ ಇತ್ತೆಂದೂ ಮೊದಲ ಸ್ಥಾನಕ್ಕೆ 1,680, ಎರಡನೆಯದಕ್ಕೆ 1,050 ಇತ್ತೆಂದೂ ಇಟ್ಟುಕೊಳ್ಳಿ, ವ್ಯತ್ಯಾಸ 630. ನೀವಿಬ್ಬರೂ ಅವರ ಚೀಟಿಗಳೇ ಆದ್ದರಿಂದ ಯಾರು ಗೆದ್ದರೂ ಒಬ್ಬರು ಫೈನಲ್‌ಗೆ ಹೋಗುವುದು, ಇನ್ನೊಬ್ಬರು ಮೂರನೆಯ ಸ್ಥಾನದ ಪಾಲು ತರುವುದು ಖಚಿತ. ಅವರಿಗೆ ಉಳಿದಿದ್ದ ಪ್ರಶ್ನೆ ಫೈನಲ್‌ನಲ್ಲಿ ಯಾರು ಗೆಲ್ಲಬಲ್ಲರು ಎಂಬುದೊಂದೇ. ಎದುರಾಳಿಗೆ ಹತ್ತರಲ್ಲಿ ಏಳು, ನಿಮಗೆ ಹತ್ತರಲ್ಲಿ ಮೂರು ಅವಕಾಶ ಎಂದು ಅವರು ಅಂದಾಜಿಸಿದ್ದರೆ, ನಿಮ್ಮ ಬದಲು ಅವನು ಹೋಗುವುದರ ಬೆಲೆ ಅವರ ಪಾಲಿಗೆ 252 ಡಾಲರ್. ನೀವು ಹೇಗೂ ಅರ್ಧದಷ್ಟು ಸಲ ಸೋಲುವವರೇ ಎಂದು ಹಿಡಿದರೂ ನಿಮ್ಮ ಸೋಲನ್ನು ಖಾತ್ರಿ ಮಾಡಿಕೊಳ್ಳುವುದಕ್ಕೆ 126 ಡಾಲರ್ ಬೆಲೆ ಇತ್ತು. ನೂರು ಕೊಟ್ಟರೆ 26 ಉಳಿಯುತ್ತಿತ್ತು. ಅವರೇನೂ ಖಳನಾಯಕರಲ್ಲದಿರಬಹುದು, ಬೆರಳಲ್ಲಿ ಲೆಕ್ಕ ಹಾಕಬಲ್ಲ ಸಾಮಾನ್ಯ ಮನುಷ್ಯರು. ಅಂಥವರಿಗೆ ಇಂಥ ಯೋಚನೆ ಹೊಳೆಯುವಂತೆ ಮಾಡುವುದೇ ಈ ಪದ್ಧತಿಯ ದೋಷ.

ಪೂಲ್ ಹಾಲ್‌ನ ಭಾಷೆಯಲ್ಲಿ ಬೇಕೆಂದೇ ಸೋಲುವುದಕ್ಕೆ ‘ಡಂಪ್’ ಎನ್ನುತ್ತಾರೆ. ಅದನ್ನು ಸಾಬೀತುಪಡಿಸುವುದು ಬಹುತೇಕ ಅಸಾಧ್ಯ, ಏಕೆಂದರೆ ಪೂಲ್‌ನಲ್ಲಿ ಗೆಲ್ಲುವವನು ಸೋಲಲು ಕೂದಲೆಳೆಯಷ್ಟು ತಪ್ಪಿದರೆ ಸಾಕು. ನಾರ್ತ್ ಡಕೋಟಾದ ಒಂದು ಚಳಿಗಾಲದ ಪಂದ್ಯ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎಂಟು-ಎಂಟು ಸಮ, ಮುಂದಿನ ರ‍್ಯಾಕ್ ಗೆದ್ದವನಿಗೆ ಪಂದ್ಯ. ಹಾಕಿದವನೇ ಆಟ ಗೆಲ್ಲುವ ಒಂಬತ್ತರ ಚೆಂಡು ಮೂಲೆಯ ಪಾಕೆಟ್‌ಗೆ ನಾಲ್ಕು ಬೆರಳ ದೂರದಲ್ಲಿತ್ತು, ಬಿಳಿ ಚೆಂಡು ಅದರ ನೇರ ಹಿಂದೆ. ಆಟಗಾರ ಕ್ಯೂ ಕೋಲಿನ ತುದಿಗೆ ಚಾಕ್ ಹಚ್ಚಿದ, ಬಗ್ಗಿದ, ಮತ್ತೆ ಎದ್ದು ಇನ್ನೊಮ್ಮೆ ಹಚ್ಚಿದ. ಹೊಡೆಯುವ ಕ್ಷಣದಲ್ಲಿ ತಲೆ ಸ್ವಲ್ಪ ಮೇಲೆದ್ದಿತು. ಚೆಂಡು ಪಾಕೆಟ್‌ನ ದವಡೆಗಳಿಗೆ ಎರಡು ಸಲ ಬಡಿದು ಅಂಚಿನಲ್ಲೇ ನಿಂತಿತು. ಆಮೇಲೆ ನಾನು ಹಾಳೆ ತೆಗೆದು ನೋಡಿದರೆ ಅವನು ತನ್ನ ಅರ್ಧ ಪಾಲನ್ನು ಕೊಂಡಿರಲಿಲ್ಲ, ಎದುರಾಳಿಯನ್ನು ಕೊಂಡವರ ಹೆಸರಿನ ಜಾಗದಲ್ಲಿ ಅವನ ಭಾವಮೈದುನನ ಹೆಸರಿತ್ತು. ಅವನು ಮೋಸ ಮಾಡಿದನೇ? ನನಗೆ ಗೊತ್ತಿಲ್ಲ. ಸಾವಿರ ಜನ ಅಂಥ ಹೊಡೆತವನ್ನು ಒತ್ತಡದಲ್ಲಿ ತಪ್ಪಿಸಿದ್ದಾರೆ, ನಾನೂ ತಪ್ಪಿಸಿದ್ದೇನೆ. ಆದರೆ ಆ ರಾತ್ರಿಯ ನಂತರ ಅವನ ಜೊತೆ ಯಾರೂ ಮೊದಲಿನಂತೆ ಮಾತಾಡಲಿಲ್ಲ. ನೀವು ಈಗ ಅನುಭವಿಸುತ್ತಿರುವುದು ಅದರದೇ ಸಣ್ಣ ರೂಪ: ನಕ್ಕು ಸುಮ್ಮನಾದದ್ದರಿಂದ ನಿಮ್ಮ ಉತ್ತರ ಹೌದೋ ಅಲ್ಲವೋ ಎಂಬುದು ಕೇಳಿದವರಿಗೂ ತಿಳಿಯಲಿಲ್ಲ. ಅದಕ್ಕೂ ಹಿಂದೆ ಹೋದರೆ, ಮೊದಲ ತಿಂಗಳು ನೀವು ಪಡೆದ ಆ 60 ಡಾಲರ್‌ನಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದನ್ನು ಅವರು ಮುಂಗಡವೆಂದು ಬಗೆದಂತಿದೆ.

ಇನ್ನೊಂದು ಮೋಸ ಇದಕ್ಕಿಂತ ಹಳೆಯದು: ಮೊದಲೇ ದುರ್ಬಲನಂತೆ ನಟಿಸಿ ಹ್ಯಾಂಡಿಕ್ಯಾಪ್ (ದುರ್ಬಲರಿಗೆ ಕೊಡುವ ರಿಯಾಯಿತಿ) ಗಿಟ್ಟಿಸಿಕೊಂಡು, ಅಗ್ಗದ ಬೆಲೆಗೆ ಗೆಳೆಯನಿಂದ ಕೊಳ್ಳಿಸಿಕೊಳ್ಳುವುದು. 1955ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನ ಡೀಪ್‌ಡೇಲ್ ಗಾಲ್ಫ್ ಕ್ಲಬ್‌ನಲ್ಲಿ ಸುಳ್ಳು ಹ್ಯಾಂಡಿಕ್ಯಾಪ್ ತೋರಿಸಿದ ಇಬ್ಬರು ಕ್ಯಾಲ್ಕಟಾದ ದೊಡ್ಡ ಮೊತ್ತವನ್ನು ಬಾಚಿಕೊಂಡದ್ದು ಬಯಲಾಗಿ, ಅಮೆರಿಕದ ಗಾಲ್ಫ್ ಸಂಸ್ಥೆಯು ಇಂಥ ಹರಾಜುಗಳ ವಿರುದ್ಧವೇ ನಿಂತಿತು. ಪೂಲ್‌ನಲ್ಲಿ ಇಂದು ಫಾರ್ಗೋರೇಟ್ ಎಂಬ ರೇಟಿಂಗ್ ಪದ್ಧತಿ ಬಂದ ಮೇಲೆ ಇದು ಕಷ್ಟವಾಗಿದೆ: ಅನೇಕ ಲೀಗ್, ಪಂದ್ಯಾವಳಿಗಳ ಫಲಿತಾಂಶ ಒಂದೇ ಕಡೆ ಸೇರುತ್ತದೆ, ನೂರು ಅಂಕ ಹೆಚ್ಚಿರುವವನು ಎದುರಾಳಿಯ ಒಂದು ಗೇಮ್‌ಗೆ ಎರಡರಂತೆ ಗೆಲ್ಲುತ್ತಾನೆಂಬ ಅಳತೆ ಎಲ್ಲರಿಗೂ ಗೊತ್ತಿದೆ. ಆದರೂ ದಾಖಲಾದ ಗೇಮ್‌ಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ ಇರುವ ಹೊಸಬನ ರೇಟಿಂಗ್ ಅನ್ನು ಪೂರ್ತಿ ನಂಬಿ ಕೂಗುವುದು ಕಣ್ಣು ಕಟ್ಟಿಕೊಂಡು ಎಮ್ಮೆ ಕೊಂಡ ಹಾಗೆ.

ಕಾನೂನಿಗೆ ಬರೋಣ. ‘ಎಲ್ಲ ಬಾರ್‌ಗಳಲ್ಲೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ’ ಎಂದು ನಿಮಗೆ ಹೇಳಿರುತ್ತಾರೆ. ನಡೆಯುವುದು ನಿಜ, ಅದರಿಂದ ಅದು ಕಾನೂನುಬದ್ಧವಾಗುವುದಿಲ್ಲ. ಟೆಕ್ಸಾಸ್ ದಂಡ ಸಂಹಿತೆಯ 47ನೇ ಅಧ್ಯಾಯ ಒಂದು ಸ್ಪಷ್ಟ ಗೆರೆ ಎಳೆಯುತ್ತದೆ. ಕೌಶಲದ ಸ್ಪರ್ಧೆಯಲ್ಲಿ ಆಡುವವರಿಗೇ ಬಹುಮಾನ ಕೊಡುವುದು ಬಾಜಿಯಲ್ಲ. ಆದ್ದರಿಂದ ನೀವು 50 ಡಾಲರ್ ಕಟ್ಟಿ 240 ಗೆದ್ದದ್ದು ಸರಿಯಾಗಿಯೇ ಇದೆ. ಆದರೆ ಸ್ಪರ್ಧೆಯ ಫಲಿತಾಂಶದ ಮೇಲೆ ಅಥವಾ ಸ್ಪರ್ಧಿಯೊಬ್ಬನ ಆಟದ ಮೇಲೆ ಹಣ ಹೂಡುವುದು ಜೂಜು, ಅದು ಐನೂರು ಡಾಲರ್ ಒಳಗಿನ ದಂಡದ ಕ್ಲಾಸ್ ಸಿ ಅಪರಾಧ. ಲಾಭಕ್ಕಾಗಿ ಆ ಹಣದ ಗಂಟನ್ನು ಇಟ್ಟುಕೊಳ್ಳುವವರ, ನಡೆಸುವವರ ಮೇಲಿನದು ಇನ್ನೂ ಗಂಭೀರವಾದ ಕ್ಲಾಸ್ ಎ. ಖಾಸಗಿ ಸ್ಥಳದಲ್ಲಿ ಆಡಿದರೆ, ಗೆದ್ದ ಹಣವಲ್ಲದೆ ಯಾರೂ ಬೇರೆ ಲಾಭ ಮಾಡಿಕೊಳ್ಳದಿದ್ದರೆ ರಕ್ಷಣೆಯಿದೆ, ಆದರೆ ಅದೇ ಕಾನೂನು ಬಾರ್ ಮತ್ತು ಹೋಟೆಲುಗಳನ್ನು ಖಾಸಗಿ ಸ್ಥಳದ ವ್ಯಾಖ್ಯೆಯಿಂದ ಹೆಸರಿಸಿಯೇ ಹೊರಗಿಟ್ಟಿದೆ. ಇನ್ನು ಆ ನೂರು ಡಾಲರ್ ಮಾತು ಜೂಜಿನ ಲೆಕ್ಕಕ್ಕೇ ಬರುವುದಿಲ್ಲ: ಸಾರ್ವಜನಿಕ ಸ್ಪರ್ಧೆಯಲ್ಲಿ ಪೂರ್ಣ ಶಕ್ತಿಯಿಂದ ಆಡದಿರಲು ಆಟಗಾರನಿಗೆ ಲಾಭ ಒಡ್ಡುವುದು 32ನೇ ಅಧ್ಯಾಯದಲ್ಲಿ ಪ್ರತ್ಯೇಕ ಅಪರಾಧ, ಒಪ್ಪಿಕೊಳ್ಳುವುದೂ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ನಾರ್ತ್ ಡಕೋಟಾದಲ್ಲಿ ಕ್ಯಾಲ್ಕಟಾ ಹೆಸರಿನಲ್ಲೇ ಅನುಮತಿಯಿದೆ, ಪರವಾನಗಿ ಪಡೆದ ಲಾಭರಹಿತ ಸಂಸ್ಥೆಗಳು ನಡೆಸಬಹುದು; ವಯೋಮಿಂಗ್‌ನಲ್ಲೂ ಅಂಥ ಸಂಸ್ಥೆಗಳಿಗೆ ವಿನಾಯಿತಿ ಇದೆ. ರಾಜ್ಯದ ಗಡಿ ದಾಟಿದರೆ ಅದೇ ಹಾಳೆ, ಅದೇ ಕೂಗು, ಕಾನೂನು ಮಾತ್ರ ಬೇರೆ.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಲಾರೆ. ಆಟದ ಪ್ರಾಮಾಣಿಕತೆಯ ದೃಷ್ಟಿಯಿಂದ ಎಲ್ಲಕ್ಕಿಂತ ಒಳ್ಳೆಯ ಕ್ರಮವೆಂದರೆ ಆಟಗಾರ ತನ್ನ ಅರ್ಧ ಪಾಲನ್ನು ಎಲ್ಲರೆದುರು ಕೊಳ್ಳುವುದು. ಆಗ ಅವನ ಗೆಲುವಿನಲ್ಲಿ ಅವನದೇ ಹಣ ಇರುತ್ತದೆ, ಸೋಲಲೆಂದು ಯಾರಾದರೂ ಒಡ್ಡುವ ನೂರು ಡಾಲರ್ ಅವನಿಗೆ ಸಾಲುವುದಿಲ್ಲ. ನಾನು ಅನುಮತಿಯಿರುವ ಕಡೆ ಹರಾಜು ನಡೆಸುವಾಗ ಇದನ್ನೇ ಒತ್ತಾಯಿಸುತ್ತಿದ್ದೆ, ಒಬ್ಬರೇ ಹೆಚ್ಚು ಆಟಗಾರರನ್ನು ಕೊಳ್ಳದಂತೆ ಮಿತಿಯನ್ನೂ ಹಾಕುತ್ತಿದ್ದೆ, ಕೂಗಿದ ಕೂಡಲೇ ಹಣ ಎಣಿಸಿಕೊಂಡು ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದೆ. (ಹಣ ಆಮೇಲೆ ಕೊಡುತ್ತೇನೆಂದು ಕೂಗಿ ಕಣ್ಮರೆಯಾದವನ 140 ಡಾಲರ್ ನನ್ನ ಜೇಬಿನಿಂದ ಹೋದ ಮೇಲೆ ಕಲಿತ ಪಾಠ ಇದು.) ಆದರೆ ಟೆಕ್ಸಾಸ್‌ನ ಬಾರ್‌ನಲ್ಲಿ ನಿಮ್ಮ ಅರ್ಧವನ್ನು ನೀವು ಕೊಳ್ಳುವುದೂ ಬಾಜಿಯೇ ಆಗುತ್ತದೆ. ಆಟಕ್ಕೆ ಹಿತವಾದದ್ದು ಅಲ್ಲಿ ಕಾನೂನಿಗೆ ಅಹಿತ. ನಿಮ್ಮ ವೀಸಾ ಸ್ಥಿತಿಯಲ್ಲಿರುವವರಿಗೆ ನನ್ನ ಅಭಿಪ್ರಾಯ ಸ್ಪಷ್ಟ: ಅಲ್ಲಿ ಕೊಳ್ಳಬೇಡಿ, ಕೊಂಡವರಿಂದ ಬಕ್ಷೀಸು ಪಡೆಯಬೇಡಿ.

ಕಾರಣ ವಲಸೆ ಕಾನೂನಿನಲ್ಲಿದೆ. ಮುಂದೊಂದು ದಿನ ಪೌರತ್ವಕ್ಕೆ ಅರ್ಜಿ ಹಾಕಿದಾಗ ‘ಸನ್ನಡತೆ’ ತೋರಿಸಬೇಕಾದ ಅವಧಿಯಲ್ಲಿ ಜೂಜಿನ ಎರಡು ಅಪರಾಧಗಳಿಗೆ ಶಿಕ್ಷೆಯಾಗಿದ್ದರೆ, ಅಥವಾ ಆದಾಯ ಮುಖ್ಯವಾಗಿ ಅಕ್ರಮ ಜೂಜಿನಿಂದ ಬಂದಿದ್ದರೆ ಅದೇ ಅಡ್ಡಿಯಾಗುತ್ತದೆ. ಒಂದು ಸಂಜೆ ಅರವತ್ತು ಡಾಲರ್ ಪಡೆದದ್ದರಿಂದ ನಿಮ್ಮ ಗ್ರೀನ್ ಕಾರ್ಡ್ ಹೋಗುತ್ತದೆಂಬ ಭಯ ಅತಿಯಾದದ್ದು. ಆದರೆ ಪೌರತ್ವದ ಅರ್ಜಿಯಲ್ಲಿ ಎಂದಾದರೂ ಅಕ್ರಮವಾಗಿ ಜೂಜಾಡಿದ್ದೀರಾ ಎಂದು ಕೇಳುತ್ತಾರೆ, ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ. ಆ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂಬುದು ವಕೀಲರೊಂದಿಗೆ ಕುಳಿತು ಮಾತಾಡುವ ವಿಷಯ. ಸುಳ್ಳು ಹೇಳುವುದು ಮೂಲ ತಪ್ಪಿಗಿಂತ ದೊಡ್ಡದಾಗುತ್ತದೆ ಎಂಬುದೊಂದು ಮಾತ್ರ ನನಗೆ ಖಚಿತವಾಗಿ ಗೊತ್ತು.

ತೆರಿಗೆ ಸರಳ. ಯಾರೂ ಕಾಗದ ಕೊಡದಿದ್ದರೂ 240 ಕೂಡ ಆದಾಯ, 60 ಕೂಡ ಆದಾಯವೆಂದೇ ಬರೆದುಬಿಡುವುದು ಕ್ಷೇಮ. ಏಳು ವರ್ಷ ಇದ್ದವರಾದ್ದರಿಂದ ತೆರಿಗೆಯ ಮಟ್ಟಿಗೆ ನೀವು ಅಲ್ಲಿನ ನಿವಾಸಿಯೇ. ಜೂಜಿನಲ್ಲಿ ಸೋತದ್ದನ್ನು ಗೆದ್ದದ್ದರಿಂದ ಕಳೆಯಬಹುದು ಎಂದು ಯಾರಾದರೂ ಹೇಳಿದರೆ, ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವವರಿಗೆ ಮಾತ್ರ ಅದು ಸಿಗುತ್ತದೆ, 2026ರಿಂದ ಸೋಲಿನ ಶೇ 90ರಷ್ಟು ಮಾತ್ರ ಸಿಗುತ್ತದೆ ಎಂಬುದನ್ನು ನೆನಪಿಸಿ. ವಿದ್ಯಾರ್ಥಿ ವೀಸಾದಲ್ಲಿ ಹೊಸದಾಗಿ ಬಂದಿರುವ ನಿಮ್ಮ ಲೀಗ್‌ನ ಹುಡುಗರಿಗೆ ಆ ಕಡಿತವೂ ಇಲ್ಲ.

ನಿಮ್ಮ ಬೆಂಗಳೂರಿನ ಗೆಳೆಯರಿಗೆ ಹೇಳಿ: ಅಲ್ಲಿ ಗೆರೆ ಬೇರೆ ಕಡೆ ಬಿದ್ದಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಶುದ್ಧ ಕೌಶಲದ ಆಟವನ್ನೂ, ಅದರಲ್ಲಿ ಭಾಗವಹಿಸುವವರೇ ಕಟ್ಟುವ ಪಣವನ್ನೂ ಜೂಜಿನ ಅಡ್ಡೆಗೆ ಸಂಬಂಧಿಸಿದ ಕಲಂಗಳಿಂದ ಹೊರಗಿಡುತ್ತದೆ. ಇದನ್ನು ಬದಲಿಸಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಆದರೆ ಆ ರಕ್ಷಣೆ ಆಡುವವರಿಗೆ. ಕ್ಯಾಲ್ಕಟಾದ ಜೀವವೇ ನೋಡುವವರ ಹಣ. ಕೋಳಿ ಅಂಕದಲ್ಲಿ ಸುತ್ತ ನಿಂತು ಪಣ ಕಟ್ಟುವವರಿಗೂ ಪಾರ್ಲರ್‌ನಲ್ಲಿ ಕುಳಿತು ಆಟಗಾರನನ್ನು ಕೊಳ್ಳುವವರಿಗೂ ಪೊಲೀಸರು ವ್ಯತ್ಯಾಸ ಹುಡುಕುತ್ತಾರೆಂದು ನಾನಂತೂ ನಂಬುವುದಿಲ್ಲ. ಇದನ್ನು ಮೊಬೈಲ್ ಗುಂಪಿನಲ್ಲಿ ಕೂಗಿಸಿ ಆನ್‌ಲೈನ್‌ನಲ್ಲಿ ಹಣ ಕಟ್ಟಿಸಿಕೊಳ್ಳುವ ಯೋಚನೆಯಿದ್ದರೆ, ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವಿರಲಿ ಅದೃಷ್ಟವಿರಲಿ ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಪ್ರವೇಶ ಶುಲ್ಕ ಹೆಚ್ಚಿಸಲಿ, ಪ್ರಾಯೋಜಕರಿಂದ ಬಹುಮಾನಕ್ಕೆ ಹಣ ಸೇರಿಸಲಿ, ಆಟಗಾರರು ತಾವಾಗಿಯೇ ಬರುತ್ತಾರೆ.

ನೀವು ಆಡುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹರಾಜಿಲ್ಲದ ಪಂದ್ಯಾವಳಿಗಳು ಡಲ್ಲಾಸ್ ಸುತ್ತಮುತ್ತ ಬೇಕಾದಷ್ಟಿವೆ. ಈ ಬಾರ್‌ಗೇ ಹೋಗುವುದಾದರೆ ಆಟಕ್ಕೆ ಮುನ್ನ ಪಂದ್ಯಾವಳಿಯ ನಿರ್ದೇಶಕರ ಬಳಿ, ‘ಹರಾಜಿನಲ್ಲಿ ನನ್ನ ಹೆಸರು ಕೂಗಬೇಡಿ’ ಎಂದು ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಹಾಗಿದ್ದರೆ ಆಡಬೇಡಿ ಎನ್ನುತ್ತಾರೆ, ಆಗ ಆ ಜಾಗ ಎಂಥದೆಂದು ನಿಮಗೇ ತಿಳಿಯುತ್ತದೆ. ಆ ಮನುಷ್ಯ ಮತ್ತೆ ಬಂದು ಭುಜದ ಮೇಲೆ ಕೈಯಿಟ್ಟರೆ ನಗಬೇಡಿ, ಪಕ್ಕದ ಮೇಜಿನವರಿಗೂ ಕೇಳುವಷ್ಟು ದನಿಯಲ್ಲಿ ಹೇಳಿ: ‘ನನ್ನ ಆಟದ ಬಗ್ಗೆ ಏನಿದ್ದರೂ ನಿರ್ದೇಶಕರ ಎದುರೇ ಮಾತಾಡೋಣ, ಬನ್ನಿ.’ ನನ್ನ ಅನುಭವದಲ್ಲಿ ಹಾಗೆ ಕರೆದಾಗ ಎದ್ದು ಬಂದವರು ಒಬ್ಬರೂ ಇಲ್ಲ.